ಕೂರಿಸುವ ಹೊತ್ತು

ನಮ್ಮ ಭಾವ ಬ್ರಿಗೇಡಿಯರ್ ಪರಮಶಿವಯ್ಯನವರು ತೀರಿಕೊಂಡ ದಿನವೇ ಚನ್ನರಾಯಪಟ್ಟಣದಲ್ಲಿ ಮಾಜಿ ಮಂತ್ರಿ ಸಂಪತ್ಕುಮಾರ್ ಅವರೂ ತೀರಿಕೊಂಡರು. ಇದರಲ್ಲಿ ಯಾರ ತಪ್ಪೂ ಇಲ್ಲ. ಯಮ ಏನು ನಮ್ಮನ್ನು ಕೇಳಿಕೊಂಡು ಬರುತ್ತಾನೆಯೇ? ಆದರೂ ಆ ಮಾಜಿ ಮಂತ್ರಿಯ ಮೇಲೆ ನನಗೆ ಇವತ್ತಿಗೂ ಒಂದು ಸಿಟ್ಟು ಉಳಿದಿದೆ. ಒಂದು ದಿನ ತಡೆದು ಸತ್ತಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು ಅನ್ನಿಸುತ್ತದೆ. ನ್ಯಾಯವಲ್ಲದ ಸಿಟ್ಟು ಅಂತ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಸಿಟ್ಟು ಇಳಿಯುವುದಾಗಿದ್ದರೆ ಲೋಕದಲ್ಲಿ ಅರ್ಧ ಜಗಳಗಳೇ ಇರುತ್ತಿರಲಿಲ್ಲ.

ನನ್ನ ಹೆಸರು ಸಿದ್ದೇಶ. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ ವ್ಯಾಪಾರ. ಭಾವನ ಹೆಂಡತಿ ಗಂಗಾಂಬಿಕೆ ನನ್ನ ಒಡಹುಟ್ಟಿದ ಅಕ್ಕ. ಭಾವ ಗಡಿಯಲ್ಲಿ ಕಾದಾಡಿ, ಶೌರ್ಯ ಪದಕ ಪಡೆದು, ನಿವೃತ್ತಿಯಾದ ಮೇಲೆ ಶಾಂತಿಗ್ರಾಮಕ್ಕೆ ಬಂದು ಹೆದ್ದಾರಿ ಪಕ್ಕದಲ್ಲೇ ಮನೆ ಕಟ್ಟಿಸಿ ಹಸು ಸಾಕಿಕೊಂಡಿದ್ದರು. ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗಲೂ ಅವರ ಬೆನ್ನು ನೆಟ್ಟಗೇ ಇರುತ್ತಿತ್ತು. ಊರವರ ಬಾಯಲ್ಲಿ ಅವರು ಮಿಲಿಟರಿ ಪರಮಶಿವಣ್ಣ.

ಅವತ್ತು ಬೆಳಗಿನ ಜಾವ ಎದೆ ಹಿಡಿದುಕೊಂಡರು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಹೊತ್ತು ಏರುವ ಮೊದಲೇ ಎಲ್ಲ ಮುಗಿಯಿತು. ವಾಪಸು ಬರುವಾಗ ಆಂಬುಲೆನ್ಸಿನಲ್ಲಿ ಅಕ್ಕ ಅಳಲಿಲ್ಲ. ಭಾವನ ಮಂಡಿಯನ್ನು ಆಗಾಗ ಮಡಿಸುವುದು, ಬಿಡಿಸುವುದು ಮಾಡುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನಮ್ಮವರಾಗಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪದ್ಮಾಸನದಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರೆ ತುಂಬಿ ಮಣ್ಣು ಮಾಡುತ್ತೇವೆ. ಗುಂಡಿಯನ್ನು ತೋಡುವುದೂ ಕೂರುವ ಅಳತೆಗೇ. ಹಾಗಾಗಿ ನಮ್ಮ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅಳುವುದಕ್ಕಿಂತ ಮುಂಚಿನ ಕೆಲಸ ಒಂದಿದೆ. ಮೈ ಬಿಗಿಯುವುದರೊಳಗೆ ಗೋಡೆಗೆ ಒರಗಿಸಿ, ಕಾಲು ಮಡಿಸಿ, ಬಟ್ಟೆ ಕಟ್ಟಿ ಕೂರಿಸಿಬಿಡಬೇಕು. ಆಮೇಲೆ ಎಷ್ಟು ಬೇಕಾದರೂ ಅಳಬಹುದು.

ಅಕ್ಕನಿಗೆ ಅದಕ್ಕಿಂತ ಹೆಚ್ಚಿನ ಕಾರಣವೂ ಇತ್ತು. ಹೋದ ವರ್ಷ ಆಸ್ಪತ್ರೆಯಿಂದ ಒಮ್ಮೆ ಬದುಕಿ ಬಂದಾಗ ಭಾವ ನನ್ನೆದುರಿಗೇ ಅವಳಿಗೆ ಹೇಳಿದ್ದರು: "ಜೀವ ಇರೋಗಂಟ ನಿಂತಿದ್ದೇ ಆಯ್ತು ಗಂಗಾ. ಮಣ್ಣಾಗಾದ್ರೂ ಕೂತ್ಕತೀನಿ. ನಮ್ಮಪ್ಪನ ಪಕ್ಕ, ನಮ್ಮಪ್ಪ ಕೂತಂಗೆ." ಅವರು ಹೆಂಡತಿಯನ್ನು ಏನನ್ನೂ ಕೇಳಿದವರಲ್ಲ. ಕೇಳಿದ್ದು ಅದೊಂದೇ.

ಮನೆ ತಲುಪಿದ ಕೂಡಲೇ ಅಕ್ಕ ನಡುಮನೆಯ ಗೋಡೆಯ ಬಳಿ ಇದ್ದ ಸೋಫಾ ಎಳೆಸಿದಳು. ಪಕ್ಕದ ಮನೆಯ ನಂಜಮ್ಮ, ಊರಿನಲ್ಲಿ ಎಷ್ಟೋ ಜನರನ್ನು ಕೂರಿಸಿದ ಕೈ, ಭಾವನ ಮೊಣಕಾಲು ಮುಟ್ಟಿ ನೋಡಿದಳು.

"ಇನ್ನೂ ಬಾಗ್ತದೆ ಕಣವ್ವ. ಈಗ್ಲೇ ಕೂರಿಸ್ಬುಡಾನ. ತಡ ಮಾಡ್‌ಬ್ಯಾಡಿ."

ಅಷ್ಟರಲ್ಲಿ ಫೋನು ಕಿವಿಗೆ ಹಿಡಿದುಕೊಂಡೇ ರಜನೀಶ ಒಳಗೆ ಬಂದ. ಅಕ್ಕನ ಒಬ್ಬನೇ ಮಗ, ಹೊಳೆನರಸೀಪುರದಲ್ಲಿ ಕಾಲೇಜು ಮೇಷ್ಟ್ರು. "ಅವ್ವ, ತಡಿ. ಸರ್ಕಾರಿ ಗೌರವ ಕೊಡ್ತಾರಂತೆ. ಪದಕ ಬಂದಿರೋರಿಗೆ ಬಾವುಟ ಹೊದಿಸಿ, ಮೂರು ಸುತ್ತು ಗುಂಡು ಹಾರಿಸ್ತಾರೆ. ಆರ್ಡರ್ ಆಗಿದೆ. ಸಾಹೇಬ್ರು ಒಬ್ರು ಬರ್ತಾ ಇದಾರೆ," ಅಂದ.

ಸಾಹೇಬರು ಅಂದರೆ ಕಂದಾಯದವರ ಪೈಕಿ ಅರುಣ್‌ಕುಮಾರ್ ಅನ್ನುವವರು. ಕೆಟ್ಟ ಮನುಷ್ಯನಲ್ಲ. ಚಪ್ಪಲಿ ಹೊರಗೆ ಬಿಟ್ಟು, ಭಾವನ ಕಾಲಿಗೆ ನಮಸ್ಕಾರ ಮಾಡಿ, ಬಗಲಲ್ಲಿದ್ದ ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದು ರಜನೀಶನಿಗೆ ಕೊಟ್ಟರು. ಆಮೇಲೆ ನಂಜಮ್ಮ ಬಟ್ಟೆ ಕಟ್ಟಲು ಗೋಡೆಗೆ ಮೊಳೆ ಹೊಡೆಸುತ್ತಿದ್ದುದನ್ನು ನೋಡಿ ಗಾಬರಿಯಾದರು.

"ಏನ್ ಮಾಡ್ತಿದೀರಿ? ಕೂರಿಸ್ತೀರಾ? ಗೌರವ ಆಗೋವರೆಗೂ ಮಲಗಿಸೇ ಇರ್ಬೇಕಲ್ಲ. ಬಾವುಟ ಹೊದಿಸ್ಬೇಕು. ಕೂತಿರೋರಿಗೆ ಹೆಂಗ್ ಹೊದಿಸ್ತಾರೆ? ನಾನಂತೂ ನೋಡಿಲ್ಲ."

"ಪೊಲೀಸಿನೋರು ಯಾವಾಗ ಬತ್ತಾರೆ ಸಾ?" ಅಂದೆ ನಾನು.

ಅವರು ನೆಲ ನೋಡಿದರು. ಬಂದೂಕು ಹಿಡಿಯುವ ತುಕಡಿ ಚನ್ನರಾಯಪಟ್ಟಣಕ್ಕೆ ಹೊರಟಿದೆ, ಮಾಜಿ ಮಂತ್ರಿಗಳದ್ದು ಮುಗಿಸಿಕೊಂಡು ಬರುವಾಗ ದಾರಿಯಲ್ಲೇ ನಿಮ್ಮ ಮನೆ ಅಲ್ಲವೇ, ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥದಕ್ಕೇ. ಆರ್ಡರ್ ನಮ್ಮ ಮನೆಗೆ ಬಂದಿತ್ತು, ಬಂದೂಕು ಬೇರೆ ಮನೆಗೆ ಹೊರಟಿತ್ತು.

ಅದೇ ಹೊತ್ತಿಗೆ ನಮ್ಮೂರಿನವನೇ ಆದ ಪತ್ರಿಕೆಯ ರವೀಂದ್ರ ಬಂದ. ಕಣ್ಣಲ್ಲಿ ನೀರೂ ಇತ್ತು, ಕೈಯಲ್ಲಿ ಕ್ಯಾಮೆರಾವೂ ಇತ್ತು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಸಿದ್ದೇಶಣ್ಣ, ಎಂಥಾ ದಿನ ನೋಡು! ಜಿಲ್ಲೆಯ ಇಬ್ರು ದೊಡ್ಡೋರು ಒಂದೇ ದಿನ ಓದ್ರು. ಫೀಲ್ಡ್ ಮಾರ್ಷಲ್ ಮಾಣಿಕ್‌ಷಾ ತೀರ್ಕಂಡಿದ್ದೂ ಜೂನ್ ಇಪ್ಪತ್ತೇಳೇ ಕಣಣ್ಣ. ಪಂಜಾಬಿನ ಮಹಾರಾಜ ರಣಜಿತ್ ಸಿಂಗನೂ ಇದೇ ತಾರೀಕು. ನಾಳೆ ಪೇಪರಲ್ಲಿ ಒಳ್ಳೆ ಬಾಕ್ಸ್ ಸುದ್ದಿ ಆಯ್ತದೆ."

"ನಿನ್ನ ತಾರೀಕಿಗೆ ಬೆಂಕಿ ಹಾಕ," ಅಂದೆ. "ನಮ್ಮ ಭಾವ ಓದ್ರೆ ನಿನಗೆ ಬಾಕ್ಸೇನ್ಲಾ?"

ಆದರೆ ರಜನೀಶನ ಕಿವಿಗೆ ಬಿದ್ದದ್ದು ಮಾಣಿಕ್‌ಷಾ ಅನ್ನುವ ಹೆಸರು ಮಾತ್ರ. ಅವನ ಮುಖ ಬದಲಾಯಿತು. ಆ ಸೇನಾನಿ ತೀರಿಕೊಂಡ ದಿನ ಭಾವ ಊಟ ಬಿಟ್ಟು ಕೂತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಷ್ಟು ದೊಡ್ಡ ಯುದ್ಧ ಗೆದ್ದುಕೊಟ್ಟವನ ಸಂಸ್ಕಾರಕ್ಕೆ ದಿಲ್ಲಿಯ ದೊಡ್ಡ ತಲೆಗಳು ಬರಲಿಲ್ಲವಲ್ಲ ಅಂತ ಭಾವ ಎಷ್ಟೋ ದಿನ ಕುದಿದಿದ್ದರು. ಸಿಪಾಯಿ ಸತ್ತರೆ ಇಷ್ಟೇನಾ ಅಂತ ಮಗನ ಮುಂದೆ ಅಂದಿದ್ದರು. ರಜನೀಶ ತಾನೂ ಸೈನ್ಯ ಸೇರಲು ಹೋಗಿ ಕಣ್ಣಿನ ದೋಷದಿಂದ ವಾಪಸು ಬಂದವನು. ಅಪ್ಪನಿಗಾಗಿ ಅವನ ಕೈಯಲ್ಲಿ ಆಗಬಹುದಾದದ್ದು ಇದೊಂದೇ ಅಂತ ಅವನಿಗೆ ಅನ್ನಿಸಿಬಿಟ್ಟಿತ್ತು.

"ಅವ್ವ, ಅಪ್ಪಾಜಿಗೆ ಗುಂಡಿನ ಮರ್ಯಾದೆ ಆಗ್ಲೇಬೇಕು. ಯಾರೋ ಅನಾಥರ ಥರ ಕಳಿಸಲ್ಲ ನಾನು."

"ಮರ್ಯಾದೆ ಆಮ್ಯಾಕೆ ಮಗ. ಮೊದ್ಲು ಕೂರ್ಸಾನ."

"ಕೂರಿಸಿದ್ರೆ ಮರ್ಯಾದೆ ಇಲ್ಲ ಅಂತಿದಾರಲ್ಲವ್ವ!"

ತಾಯಿಗೂ ಮಗನಿಗೂ ನಡುವೆ ಭಾವ ಚಾಪೆಯ ಮೇಲೆ ಮಲಗಿದ್ದರು. ಒಬ್ಬರಿಗೆ ಒಂದು ಹೇಳಿ, ಇನ್ನೊಬ್ಬರಿಗೆ ಇನ್ನೊಂದು ಹೇಳಿ ಹೋಗಿಬಿಟ್ಟಿದ್ದರು. ಎರಡೂ ನಿಜವೇ. ನನಗೆ ಅವರ ಮೇಲೂ ಸಿಟ್ಟು ಬಂತು.

ಇಷ್ಟರ ಮಧ್ಯೆ ಹೆದ್ದಾರಿಯಲ್ಲಿ ಸೈರನ್ ಶುರುವಾಗಿತ್ತು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವವರೆಲ್ಲ ನಮ್ಮ ಮನೆಯ ಮುಂದೆಯೇ ಹೋಗಬೇಕು. ಬಿಳಿ ಕಾರುಗಳು, ಬಾವುಟದ ಕಾರುಗಳು, ಹಾರ ಹೇರಿಕೊಂಡ ಟೆಂಪೋಗಳು. ಅರಕಲಗೂಡಿನ ಕಡೆಯಿಂದ ಬಸ್ಸು ಮಾಡಿಕೊಂಡು ಬಂದ ಕಾರ್ಯಕರ್ತರು. ಪ್ರತಿ ಸೈರನ್ನಿಗೂ ನಮ್ಮ ಅಂಗಳದಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಹಳೇ ಸೈನಿಕರು ಕೆಲವರು ಪದಕ ಹಾಕಿಕೊಂಡು ಬಂದಿದ್ದರು, ಅವರಂತೂ ಟೋಪಿ ಸರಿ ಮಾಡಿಕೊಳ್ಳುತ್ತಿದ್ದರು. ಕಾರು ಹೋಗಿಬಿಡುತ್ತಿತ್ತು. ಮತ್ತೆ ಕೂರುತ್ತಿದ್ದರು. 

ಇದ್ದಕ್ಕಿದ್ದಂತೆ ಅಕ್ಕ ಎದ್ದು ಹೊರಗೆ ನಡೆದಳು. ಹೆಣ ಮನೆಯಲ್ಲಿರುವಾಗ ಹೆಂಡತಿಯಾದವಳು ಹೊಸಿಲು ದಾಟಿ ಬೀದಿಗೆ ಇಳಿಯುವುದುಂಟೇ? ಹೆಂಗಸರು ಕೂಗಿಕೊಂಡರು. ನಾನು ಹಿಂದೆ ಓಡಿದೆ. ನಾನು ತಲುಪುವಷ್ಟರಲ್ಲಿ ಅವಳು ಹೆದ್ದಾರಿಯ ಮಧ್ಯೆ ಎರಡೂ ಕೈ ಚಾಚಿ ನಿಂತಿದ್ದಳು. ಎದುರಿಗೆ ನೀಲಿ ಪೊಲೀಸ್ ವ್ಯಾನು ಕಿರ್ರೆಂದು ನಿಂತಿತು. ಒಳಗೆ ಬಂದೂಕುಗಳು ಕಂಡವು.

ಮುಂದಿನ ಸೀಟಿನಿಂದ ಎಳೇ ವಯಸ್ಸಿನ ಸಬ್ ಇನ್‌ಸ್ಪೆಕ್ಟರ್ ಒಬ್ಬ ಇಳಿದ. ಎದೆಯ ಮೇಲೆ ಗೌತಮ್ ಅಂತ ಹೆಸರಿತ್ತು. ಬೈಯಲು ಬಾಯಿ ತೆಗೆದವನು ಅಕ್ಕನ ಮುಖ ನೋಡಿ ಹತ್ತಿರ ಬಂದು ನಿಂತ.

"ನಮ್ಮೆಜಮಾನ್ರು ಬ್ರಿಗೇಡಿಯರ್ರು ಕಣಪ್ಪ. ಮನೇಲಿ ಮಲಗವ್ರೆ. ಐದು ನಿಮಿಷ ಬಂದು ಗುಂಡು ಒಡೆದು ಓಗಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಹಿಂದಕ್ಕೆ ಸರಿದು, ಹೆದ್ದಾರಿಯ ಮಧ್ಯದಲ್ಲೇ, ಅವಳಿಗೆ ಸೆಲ್ಯೂಟ್ ಹೊಡೆದ. "ಅಮ್ಮ, ನಂಗೂ ಗೊತ್ತು. ಆದ್ರೆ ಈಗ ಇಳಿಯಂಗಿಲ್ಲ. ಅಲ್ಲಿ ಕಾಯ್ತಾ ಇದಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿದು ಮುಗೀತದೆ. ಮುಗೀತಿದ್ದಂಗೆ ನಾನೇ ಬರ್ತೀನಿ. ಇದು ನನ್ನ ಮಾತು."

ವ್ಯಾನು ಹೋಯಿತು. ಅಕ್ಕ ಅದು ಕಣ್ಮರೆಯಾಗುವ ತನಕ ನೋಡುತ್ತ ನಿಂತಳು. ಆಮೇಲೆ ಒಳಗೆ ಬಂದು ನಂಜಮ್ಮನಿಗೆ ಹೇಳಿದಳು: "ಮೊಳೆ ಇರ್ಲಿ ಕಣಕ್ಕ. ಕಾಯಾನ."

ನಾನು ತಡೆಯಲಾರದೆ ಕೂಗಿದೆ. "ಅಕ್ಕ, ಮೈ ಬಿಗೀತದೆ ಕಣಕ್ಕ! ನಿನಗೆ ಗೊತ್ತಿಲ್ವಾ?"

"ಗೊತ್ತು ಕಣ್ಲಾ. ಊಟದ ಹೊತ್ತಿಗೆ ಅಂದವ್ನೆ, ಅಷ್ಟರೊಳಗೆ ಆದ್ರೆ ಬಗ್ಗಿಸ್ಬೋದು. ನನ್ನ ಮಗ ಬದುಕಿರೋಗಂಟ ಇದನ್ನೇ ಕೊರಗಬಾರ್ದು." ರಜನೀಶನಿಗೆ ಕೇಳಿಸಬಾರದೆಂದು ಮೆಲ್ಲಗೆ ಹೇಳಿದಳು. "ಆ ಪೊಲೀಸಪ್ಪನ ಮಕದಲ್ಲಿ ಸುಳ್ಳಿರ್ನಿಲ್ಲ ಸಿದ್ದ."

ಸುಳ್ಳಿರಲಿಲ್ಲ, ನಿಜ. ಸುಳ್ಳೇ ಬೇಕೆಂದೇನಿಲ್ಲ ಮನುಷ್ಯ ಹಾಳಾಗುವುದಕ್ಕೆ.

ಐಸ್ ಬಾಕ್ಸ್ ತರಿಸಿದರು. ಭಾವನನ್ನು ಅದರೊಳಗೆ ನೀಟಾಗಿ ಮಲಗಿಸಿ, ಮೇಲೆ ಬಾವುಟ ಹೊದಿಸಿ, ಗಾಜಿನ ಮುಚ್ಚಳ ಹಾಕಿದರು. ಸಾಲಾಗಿ ಬಂದವರೆಲ್ಲ ಕೈ ಮುಗಿದರು. ಮೊಸಳೆ ಊರಿನ ಕಡೆಯಿಂದ ಬಂದ ನೆಂಟರು, ಆಹಾ ಎಂಥಾ ಪುಣ್ಯ, ಬಾವುಟ ಹೊದ್ದು ಹೋಗುವುದು ಎಷ್ಟು ಜನಕ್ಕೆ ಸಿಗುತ್ತದೆ ಅಂದರು. ಅಕ್ಕ ಬಾಕ್ಸಿನ ಪಕ್ಕ ಕೂತು ಗಾಜಿನ ಮೇಲೆ ಕೈ ಇಟ್ಟಿದ್ದಳು. ಮಂಡಿ ಇರುವ ಜಾಗದ ಮೇಲೆ. ಗಾಜು ಅಡ್ಡ ಇತ್ತು, ಮಡಿಸುವುದಕ್ಕೆ ಆಗುತ್ತಿರಲಿಲ್ಲ.

ಮಧ್ಯಾಹ್ನವಾಯಿತು. ಯಾರೂ ಬರಲಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗಿದ್ದ ರವೀಂದ್ರ ಫೋನು ಮಾಡಿದ. ಯಾರೋ ದೊಡ್ಡ ಮುಖಂಡರು ಬೆಂಗಳೂರಿನಿಂದ ಹೊರಟಿದ್ದಾರೆ, ಅವರು ಬರುವವರೆಗೂ ಚಿತೆಗೆ ಬೆಂಕಿ ಇಡುವ ಹಾಗಿಲ್ಲ, ಸಂಪತ್ಕುಮಾರರ ಮನೆಯವರೇ ಬೇಗ ಮುಗಿಸಿ ಅಂತ ಕೈ ಮುಗಿಯುತ್ತಿದ್ದಾರೆ, ಕೇಳುವವರಿಲ್ಲ ಅಂದ. ಅದನ್ನು ಕೇಳಿದಾಗ ಮಾತ್ರ ನನಗೆ ಆ ಮನೆಯವರ ಮೇಲೆ ಒಂದಿಷ್ಟು ಕನಿಕರ ಹುಟ್ಟಿತು. ಅಲ್ಲೂ ಒಂದು ಹೆಣ ಕಾಯುತ್ತಿತ್ತು.

ಆನೆ ನಡೆದದ್ದೇ ದಾರಿ. ಹೊತ್ತು ಇಳಿಯಿತು. ಅರುಣ್‌ಕುಮಾರರಿಗೂ ಅಲ್ಲಿಂದ ಕರೆ ಬಂದು, ಈಗ ಬಂದೆ ಅಂತ ಹೋದವರು ಬರಲಿಲ್ಲ. ರಜನೀಶ ಫೋನು ಮಾಡಿ ಮಾಡಿ, ಕೊನೆಗೆ ಯಾರೂ ಎತ್ತದಿದ್ದಾಗ, ಬಚ್ಚಲ ಹಿಂದೆ ಹೋಗಿ ಗೋಡೆಗೆ ತಲೆ ಕೊಟ್ಟು ನಿಂತಿದ್ದ. ಕ್ರಿಯೆ ಮಾಡಿಸುವ ಅಯ್ಯನವರು ನನ್ನ ಬಳಿ ಬಂದರು.

"ಏನಪ್ಪಾ ಸಿದ್ದೇಶ, ಗುಂಡಿ ಬೆಳಿಗ್ಗೇನೇ ತೋಡಾಗೈತೆ. ಒತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಇನ್ನೂ ಎಷ್ಟು ಕಾಯ್ತೀರಿ?"

ಅಕ್ಕ ತಾನೇ ಬಾಕ್ಸಿನ ಮುಚ್ಚಳ ತೆಗೆಸಿದಳು. ರಜನೀಶ ಬಾವುಟ ಮಡಿಸಿ ಎದೆಗೆ ಹಿಡಿದುಕೊಂಡ. ನಾಲ್ಕು ಜನ ಸೇರಿ ಭಾವನನ್ನು ಎತ್ತಿದೆವು. ಎತ್ತಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ನಡು ಬಾಗಲಿಲ್ಲ, ಕತ್ತು ಬಾಗಲಿಲ್ಲ. ತೊಲೆ ಎತ್ತಿದ ಹಾಗಿತ್ತು.

ನಂಜಮ್ಮ ಬಿಸಿನೀರು ಕಾಯಿಸಿದಳು. ಹರಳೆಣ್ಣೆ ಹಚ್ಚಿ ಉಜ್ಜಿದಳು. ಬಿಸಿ ಬಟ್ಟೆ ಸುತ್ತಿ ನೀವಿದಳು. ಕೈಗಳು ಒಂದಿಷ್ಟು ಸಡಿಲಾದವು. ನಡುವನ್ನು ಬಹಳ ಹೊತ್ತು ಒತ್ತಿದ ಮೇಲೆ ಅದೂ ಕೊಂಚ ಬಾಗಿತು. ಕಾಲುಗಳು ಮಾತ್ರ ಜಪ್ಪಯ್ಯ ಅಂದರೂ ಬಾಗಲಿಲ್ಲ. ನಂಜಮ್ಮ ಬೆವರು ಒರೆಸಿಕೊಂಡು, "ಐಸಿಗೆ ಸಿಕ್ಕೊಂಡದೆ ಕಣವ್ವ. ಬೆಳಿಗ್ಗೆ ಆಗಿದ್ರೆ ಮಗೀನಂಗೆ ಬಾಗ್ತಿತ್ತು," ಅಂದು ಅತ್ತಳು.

ಒಬ್ಬೊಬ್ಬರು ಒಂದೊಂದು ಹೇಳಿದರು. ನಾಳೆವರೆಗೂ ಇಟ್ಟರೆ ತಾನಾಗೇ ಸಡಿಲಾಗುತ್ತದೆ ಅಂದರು ಯಾರೋ. ಹಾಗೆ ಸಡಿಲಾಗುವ ಮೈ ಆಮೇಲೆ ಏನಾಗುತ್ತದೆ ಅಂತ ಗೊತ್ತಿದ್ದವರು ಬೇಡವೆಂದು ತಲೆಯಾಡಿಸಿದರು. ರಜನೀಶ, "ಗುಂಡೀನ ಉದ್ದ ಮಾಡ್ಸಾಣ ಅವ್ವ. ಮಲಗಿಸಿಬಿಡಾಣ. ಸೈನ್ಯದಲ್ಲಿ ಎಲ್ಲರನ್ನೂ ಮಲಗಿಸ್ತಾರೆ," ಅಂದ. ಅಯ್ಯನವರು, ಮನಸ್ಸು ಶುದ್ಧವಾಗಿದ್ದರೆ ಹೇಗಾದರೂ ಆದೀತು, ಶಿವ ಅಳತೆಕೋಲು ಹಿಡಿದು ಕೂತಿಲ್ಲ ಅಂದರು. ದೊಡ್ಡ ಮಾತು. ಅಕ್ಕ ಅವರಿಗೆ ಕೈ ಮುಗಿದಳು.

"ಶಿವ ಬುಡ್ತಾನೆ ಬುದ್ದಿ. ಇವ್ರು ನನ್ನ ಕೇಳಿದ್ರಲ್ಲ. ನಾನು ಊಂ ಅಂದಿದ್ದೆ."

ಆಮೇಲೆ ಎಲ್ಲರನ್ನೂ ಹೊರಗೆ ಹೋಗಿ ಅಂದಳು. ರಜನೀಶ ಹೋಗಲು ಒಪ್ಪಲಿಲ್ಲ. ಅವನ ಕೆನ್ನೆ ಸವರಿ, "ಓಗು ಮಗ, ಅಂಗಳದಲ್ಲಿರು," ಅಂದು ತಾನೇ ಬಾಗಿಲು ಹಾಕಿದಳು. ಒಳಗೆ ಉಳಿದದ್ದು ಅವಳು, ನಾನು, ಭಾವ.

"ಭುಜ ಇಡ್ಕ," ಅಂದಳು.

"ಅಕ್ಕ, ಬ್ಯಾಡ. ಬ್ಯಾರೆ ಯಾರನ್ನಾದ್ರೂ ಕರೀತೀನಿ. ನೀನು ಮಾಡ್‌ಬ್ಯಾಡ."

"ಬ್ಯಾರೇರು ಯಾಕ್ಲಾ ಮುಟ್ಟಬೇಕು? ಕಾಯಾನ ಅಂದೋಳು ನಾನು. ಇಡ್ಕ."

ನಾನು ಭಾವನ ಎರಡು ಭುಜವನ್ನೂ ನೆಲಕ್ಕೆ ಒತ್ತಿ ಹಿಡಿದೆ. ಅವರ ಮುಖ ನೋಡಲಾರದೆ ಗೋಡೆ ನೋಡಿದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು, ಅವರ ಬಲಗಾಲನ್ನು ತನ್ನ ತೋಳಿನಲ್ಲಿ ತಬ್ಬಿ, ಮಂಡಿಯ ಮೇಲೆ ತನ್ನ ಮೈಭಾರವನ್ನೆಲ್ಲ ಬಿಟ್ಟಳು. ಆಗಲಿಲ್ಲ. ಮತ್ತೆ ಬಿಟ್ಟಳು. ಅವಳ ಬಾಯಿಂದ ಹೆರಿಗೆಯ ಹೆಂಗಸಿನಂಥ ನರಳಾಟ ಬಂತು. ಮೂರನೇ ಸಲ ಸದ್ದಾಯಿತು.

ಆ ಸದ್ದನ್ನು ನಾನು ಬರೆಯುವುದಿಲ್ಲ. ಅಂಗಳದಲ್ಲಿ ಗುಜುಗುಜು ಅನ್ನುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ಹೊರಗೆ ರಜನೀಶ ಚೀರಿದ್ದು ಕೇಳಿಸಿತು. ಅಕ್ಕ ಉಸಿರು ತೆಗೆದುಕೊಂಡು ಇನ್ನೊಂದು ಕಾಲಿಗೆ ಹೋದಳು.

ಎಲ್ಲ ಮುಗಿದ ಮೇಲೆ ಅವರನ್ನು ಗೋಡೆಗೆ ಒರಗಿಸಿ, ಕಾಲು ಮಡಿಸಿ, ಬಟ್ಟೆ ಕಟ್ಟಿದೆವು. ಹಣೆಗೆ ವಿಭೂತಿ ಇಟ್ಟು, ತಲೆಗೂದಲು ಬಾಚಿ, ಅಕ್ಕ ಎದುರಿಗೆ ಕುಕ್ಕುರುಗಾಲಲ್ಲಿ ಕೂತಳು. ಅವಳ ಕೈ ಎರಡೂ ಹರಳೆಣ್ಣೆ. "ನೋವಾಯ್ತೇನ್ರೀ?" ಅಂತ ಕೇಳಿದಳು. ಬದುಕಿರುವವರನ್ನು ಕೇಳಿದ ಹಾಗೆಯೇ ಕೇಳಿದಳು. ಉತ್ತರಕ್ಕೂ ಒಂದಿಷ್ಟು ಕಾದಳು. ಆಮೇಲೆ ಬಾಗಿಲು ತೆಗೆದಳು.

ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿ, ಬಾಳೆಕಂಬ ಕಟ್ಟಿ, ಮುಸ್ಸಂಜೆಯ ಬೆಳಕಿನಲ್ಲಿ ಹೊತ್ತುಕೊಂಡು ಹೊರಟೆವು. ಭಾವನ ಹೊಲ ಹೆದ್ದಾರಿಯ ಆಚೆ. ನಾವು ರಸ್ತೆ ಅಂಚಿಗೆ ಬರುವ ಹೊತ್ತಿಗೆ ಚನ್ನರಾಯಪಟ್ಟಣದಿಂದ ವಾಪಸಾಗುವ ಕಾರುಗಳ ಸಾಲು. ಯಾರೂ ದಾರಿ ಬಿಡಲಿಲ್ಲ. ಮುಂದಿನ ಹೆಗಲು ರಜನೀಶನದು. 

ಕಾರುಗಳ ನಡುವಿನಿಂದ ನೀಲಿ ವ್ಯಾನು ನುಗ್ಗಿ ಬಂದು ನಿಂತಿತು. ಗೌತಮ್ ಓಡುತ್ತ ಬಂದ. ಮುಖದ ತುಂಬ ಧೂಳು, ಕಣ್ಣು ಕೆಂಪು. ಹುಡುಗರು ಬಂದೂಕು ಹಿಡಿದು ದಡಬಡನೆ ಇಳಿದು ರಸ್ತೆಯಂಚಿನಲ್ಲಿ ಸಾಲಾದರು.

"ಕ್ಷಮಿಸ್ಬೇಕು ಸರ್. ಬಿಡ್ಲಿಲ್ಲ ಅಲ್ಲಿ. ಈಗ ಬಿಟ್ರು. ಐದೇ ನಿಮಿಷ, ಇಲ್ಲೇ ಇಳಿಸಿ, ಮೂರು ಸುತ್ತು ಹೊಡೆದುಬಿಡ್ತೀವಿ."

"ಕೂತಿರೋರಿಗೆ ಒಡೆಯಂಗಿಲ್ಲವಂತಲ್ಲಪ್ಪ," ಅಂದೆ ನಾನು. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು.

ಅವನಿಗೆ ಅರ್ಥವಾಗಲಿಲ್ಲ. "ಯಾರು ಹೇಳಿದ್ದು? ಕೂತೋರಿಗೂ ಹೊಡೀತೀವಲ್ಲ. ಹೋದ ತಿಂಗಳೂ ಹೊಡೆದಿದೀವಿ. ಬಾವುಟ ಹೆಗಲ ಮೇಲೆ ಹಾಕಿದ್ರೆ ಆಯ್ತು. ನನ್ನ ಕೇಳಿದ್ರೆ ಬೆಳಿಗ್ಗೆನೇ ಹೇಳ್ತಿದ್ದೆ ಅಮ್ಮ, ಕೂರಿಸಿಬಿಡಿ ಅಂತ."

ಅಕ್ಕ ವಿಮಾನದ ಹಿಂದೆ ನಿಂತು ತನ್ನ ಅಂಗೈಗಳನ್ನು ನೋಡಿಕೊಂಡಳು. ಸೆರಗಿನಲ್ಲಿ ಒರೆಸಿಕೊಂಡಳು. ಮತ್ತೆ ನೋಡಿಕೊಂಡಳು. ಹಳೇ ಸೈನಿಕರು ಅಟೆನ್ಷನ್ನಿಗೆ ನಿಂತು ರಜನೀಶನ ಕಡೆ ತಿರುಗಿದರು. ಇಡೀ ದಿನ ಇದಕ್ಕಾಗಿ ಕಾದವನು ಅವನೇ ತಾನೆ. ಗೌತಮ್ ಆಗಲೇ ತನ್ನವರ ಕಡೆ ಕೈ ಎತ್ತಿದ್ದ.

"ಬೇಡ ಸಾರ್," ಅಂದ ರಜನೀಶ.

"ಸರ್, ಆರ್ಡರ್ ಇದೆ, ಗುಂಡು ತುಂಬಿದೆ."

"ಬೇಡ. ದಯವಿಟ್ಟು ಬೇಡ. ನಮ್ಮವ್ವ ಇವತ್ತು ಇನ್ನೊಂದು ಸದ್ದು ಕೇಳೋದು ಬೇಡ."

ಗೌತಮ್ ನಮ್ಮೆಲ್ಲರ ಮುಖ ನೋಡಿದ. ಏನಾಗಿದೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ಎತ್ತಿದ ಕೈ ಇಳಿಸಿ, ತಾನೇ ಹೆದ್ದಾರಿಗೆ ಇಳಿದು ಎರಡೂ ಕಡೆಯ ಕಾರುಗಳನ್ನು ತಡೆದು ನಿಲ್ಲಿಸಿದ. ನಾವು ಭಾವನನ್ನು ಹೊತ್ತು ರಸ್ತೆ ದಾಟಿದೆವು.